ರೋಜಾಳ ಅಂಗಳದ ಬೆಳಕು

ಅಡರಕಟ್ಟಿಯ ಹೊಲದಲ್ಲಿ ಎದುರುಬದುರು ಎರಡು ಮನೆ. ಒಂದು ಮಂಜವ್ವನದು, ಇನ್ನೊಂದು ಅವಳ ಮೈದುನನ ಹೆಂಡತಿ ರೋಜಾಳದು. ಕರೆಂಟು ಅಲ್ಲಿಗೆ ಬಂದಿಲ್ಲ. ಎರಡೂ ಮನೆಗೆ ಒಂದೇ ನಮೂನೆಯ ಸೋಲಾರ್, ಒಂದೇ ನಮೂನೆಯ ಬ್ಯಾಟರಿ. ಆದರೂ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಮಂಜವ್ವನ ಬಲ್ಬು ಆರುತ್ತಿತ್ತು, ರೋಜಾಳದು ಉರಿಯುತ್ತಿತ್ತು. ಬಿತ್ತನೆಗೆ ಶೇಂಗಾ ಸುಲಿಯುವ ಸುತ್ತಲಿನ ಹೊಲಮನೆಗಳ ಹೆಂಗಸರೆಲ್ಲ ತಮ್ಮ ತಮ್ಮ ಮೊರ ಹಿಡಿದು ಅತ್ತಲೇ ನಡೆಯುತ್ತಿದ್ದರು.

"ಚಲೋ ಬ್ಯಾಟರಿ ಅಕಿಗೆ ಕೊಟ್ಟಾರ, ಉಳದದ್ದು ನಮಗ," ಎಂದಳು ಮಂಜವ್ವ, ಗಂಡ ಹುಲಗಪ್ಪನಿಗೆ.

"ನೀ ಹಗಲೆಲ್ಲಾ ಟಿವಿ, ಫ್ಯಾನ್ ಹಚ್ಚಿರ್ತಿ. ಅಕಿ ಬಲ್ಬ್ ಒಂದ ಹಚ್ತಾಳ."

"ಹೌದ್ ಬಿಡ್ರಿ, ನಿಮ್ಮ ತಮ್ಮನ ಹೇಂತಿ ಭಾಳ ಶಾಣ್ಯಾಕಿ!"

ಹುಲಗಪ್ಪ ಗೋಡೆಯ ಮೇಲಿನ ಕಂಟ್ರೋಲರ್ ಪೆಟ್ಟಿಗೆ ತೋರಿಸಿ ತಿಳಿಸಿ ಹೇಳಿದ. ಬ್ಯಾಟರಿ ತೀರಾ ಬರಿದಾಗುವ ಮೊದಲೇ ಆ ಪೆಟ್ಟಿಗೆ ದೀಪದ ಸಂಪರ್ಕ ಕಡಿಯುತ್ತದೆ. ಕಡಿಯದಿದ್ದರೆ ಒಳಗಿನ ಸೀಸದ ಫಲಕಗಳ ಮೇಲೆ ಬಿಳಿ ಪೊರೆ ಗಟ್ಟಿಯಾಗಿ ಕೂತು, ಎಷ್ಟು ಬಿಸಿಲು ಬಿದ್ದರೂ ಬ್ಯಾಟರಿ ತುಂಬದಂತಾಗುತ್ತದೆ. ಮಂಜವ್ವನಿಗೆ ಕಂಡದ್ದು ಪೆಟ್ಟಿಗೆಯ ಕೆಂಪು ದೀಪ ಮಾತ್ರ. ಅದೂ ರೋಜಾಳ ಪಕ್ಷ ವಹಿಸಿದಂತೆ ಅನಿಸಿತು.

ಮರುದಿನ ಗಂಡ ಲಕ್ಷ್ಮೇಶ್ವರಕ್ಕೆ ಹೋದಾಗ ಅವಳೇ ಬಲ್ಬಿನ, ಫ್ಯಾನಿನ ವೈರುಗಳನ್ನು ಪೆಟ್ಟಿಗೆಯಿಂದ ಬಿಚ್ಚಿ ನೇರವಾಗಿ ಬ್ಯಾಟರಿಗೆ ಸುತ್ತಿದಳು.

ಅಂದು ಬಲ್ಬು ಆರಲಿಲ್ಲ. ಮೋತಿಬಿ, ಸಾವಿತ್ರೆವ್ವ, ಎಲ್ಲರನ್ನೂ ಕೂಗಿ ಕರೆದು ಕೂರಿಸಿದಳು. ಎದುರಿನ ಅಂಗಳ ಖಾಲಿಯಿತ್ತು. ಆ ಖುಷಿಗೆ ಮತ್ತೆ ಮತ್ತೆ ಚಹಾ ಕೊಟ್ಟಳು.

ಆದರೆ ದಿನದಿಂದ ದಿನಕ್ಕೆ ಬಲ್ಬು ಮಂಕಾಯಿತು. ಒಂದು ಸಂಜೆ, ಹಗಲೆಲ್ಲ ಸುಡುಬಿಸಿಲಿದ್ದರೂ, ಹೊತ್ತಿದ ಕೂಡಲೇ ಆರಿಹೋಯಿತು.

"ಏಳ್ರಿ, ರೋಜಾನ ಕಡೆ ಹೋಗೂಣು," ಎಂದಳು ಮೋತಿಬಿ. "ನೀನೂ ಬಾ ಮಂಜವ್ವ. ಮಾರಿ ಯಾಕ ಗಂಟ್ ಹಾಕ್ಕೊಂಡಿ?"

ಮಂಜವ್ವನೂ ಅವರ ಹಿಂದೆ ಹೋದಳು. "ಬರ್ರಿ ಅಕ್ಕಾ, ಕುಂಡ್ರಿ," ಎಂದು ರೋಜಾ ಚಾಪೆ ಸರಿಸಿದಳು. ಸೆಕೆಯೆಂದು ಅವರಿಗಾಗಿ ಫ್ಯಾನೂ ಹಚ್ಚಿದಳು. ಹಾಗಾಗಿ ಅಂದು ಅವಳ ಪೆಟ್ಟಿಗೆಯೂ ಬೇಗ ಬಲ್ಬು ಆರಿಸಿತು. ಇನ್ನು ಎಲ್ಲರೂ ಏಳುತ್ತಾರೆ ಎಂದು ಮಂಜವ್ವ ಹಿಗ್ಗಿದಳು.

ಯಾರೂ ಏಳಲಿಲ್ಲ. ಕತ್ತಲಲ್ಲೇ ಬೆರಳುಗಳು ಶೇಂಗಾ ಒಡೆಯುತ್ತಿದ್ದವು. ರೋಜಾ ತಮ್ಮಿಬ್ಬರ ಮಾವನಂತೆ ದನಿ ತೆಗೆದು, "ಏ ಮಂಜವ್ವಾ, ಚಹಾಕ್ಕ ಸಕ್ರಿ ಹಾಕಿಯೋ, ಬರೇ ತೋರ್ಸಿಯೋ?" ಎಂದಳು. ಅಂಗಳ ಗೊಳ್ಳೆಂದಿತು.

"ನಂಗೇನೂ ಕಾಣವಲ್ದವಾ," ಎನ್ನುತ್ತ ಮಂಜವ್ವ ಎದ್ದಳು.

ಸಾವಿತ್ರೆವ್ವ ಅವಳ ಸೆರಗು ಜಗ್ಗಿದಳು. "ಕುಂಡ್ರ. ಕಿವಿ ಕೇಳ್ತಾವಲ್ಲ?"

ಮಂಜವ್ವ ಕೂತಳು. ನಗು ಬರದಿರಲೆಂದು ಬಿತ್ತನೆಯ ಕಾಳನ್ನೇ ಬಾಯಿಗೆ ಹಾಕಿ ಗಟ್ಟಿಯಾಗಿ ಕಚ್ಚಿದಳು.