ತರಗು ಬೆಂಕಿ ಕೇಳಿಸಿಕೊಂಡ ಕುರ್ಚಿ

ನಾನು ಒಂದು ಕುರ್ಚಿ. ತೇಗದ್ದಲ್ಲ, ಬೀಟೆಯದ್ದೂ ಅಲ್ಲ. ಲಾಂಟಾನ ಎಂಬ ಮುಳ್ಳುಕಳೆಯ ಕುರ್ಚಿ. ನನ್ನ ಕುಲದ ಬಗ್ಗೆ ನನಗೇ ಹೇಸಿಗೆ. ಹೂ ಚೆಂದವಿದೆಯೆಂದು ಯಾರೋ ದೊರೆ ಹಡಗಿನಲ್ಲಿ ತಂದು ನೆಟ್ಟನಂತೆ. ನಾವು ಕಾಡನ್ನೇ ನುಂಗಿದೆವು. ಹುಲ್ಲು ಹೋಯಿತು, ಗೆಣಸು ಹೋಯಿತು, ಸೋಲಿಗರು ನಡೆಯುತ್ತಿದ್ದ ಕಾಲುದಾರಿಯೂ ಮುಚ್ಚಿತು. ಅದೇ ಸೋಲಿಗರ ಕೇತಮ್ಮ ನಮ್ಮನ್ನು ಕಡಿದು, ಡ್ರಮ್ಮಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಆರುವ ಮೊದಲೇ ಬಗ್ಗಿಸಿ ಮೊಳೆ ಹೊಡೆದಳು. ಹಾಗೆ ನಾನು ಹುಟ್ಟಿದೆ.

ಕೆಲಸ ಮಾಡುತ್ತಲೇ ತನ್ನ ತಮ್ಮ ಜಡೆಯನಿಗೆ ಹೇಳುತ್ತಿದ್ದಳು: "ಇದ್ರ ಬುಡ ಕಿತ್ತು ಕಿತ್ತು, ಕಲ್ಲುಗುಡಿ ಗಂಟ ದಾರಿ ಬುಡುಸ್ತೀನಿ ಕಣ್ಲಾ."

ಕಲ್ಲುಗುಡಿ ಎಂದರೆ ಅವರ ಕುಲದವರು ಮಲಗಿರುವ ಜಾಗ. ಸತ್ತವರಿಗೆ ಒಬ್ಬೊಬ್ಬರಿಗೂ ಒಂದು ಕಲ್ಲು. ಕೇತಮ್ಮನ ಗಂಡನ ಕಲ್ಲೂ ಅಲ್ಲಿತ್ತು. ಅದರ ಪಕ್ಕದಲ್ಲಿ ತನ್ನದೂ ಇರಬೇಕೆನ್ನುವುದೊಂದೇ ಅವಳ ಆಸೆ.

ನನ್ನನ್ನು ಅರಣ್ಯ ಇಲಾಖೆಯ ಒಂದು ಕಚೇರಿಗೆ ಕೊಂಡರು. "ಪರಿಸರಸ್ನೇಹಿ ಕುರ್ಚಿ" ಎಂದು ಫೋಟೋ ಬೇರೆ ತೆಗೆಸಿಕೊಂಡರು. ಅಂದಿನಿಂದ ನನಗೆ ಮನುಷ್ಯರ ಮುಖಕ್ಕಿಂತ ಕುಂಡೆಯ ಪರಿಚಯವೇ ಹೆಚ್ಚು.

ಒಂದು ದಿನ ಅಲ್ಲಿ ಅರಣ್ಯ ಹಕ್ಕಿನ ವಿಚಾರಣೆ ನಡೆಯಿತು. ತಾವು ವಾಸವಿರುವ ಹಾಡಿ, ಅಂದರೆ ಪೋಡು, ಮತ್ತು ಕಲ್ಲುಗುಡಿ ತಮ್ಮದೆಂದು ಕೇತಮ್ಮ ಅರ್ಜಿ ಕೊಟ್ಟಿದ್ದಳು. ಸಾಹೇಬರು ನನ್ನ ಮೇಲೆ ಕುಳಿತರು. ನನ್ನನ್ನು ಮಾಡಿದವಳು ನಿಂತಿದ್ದಳು.

"ತಲೆತಲಾಂತರದಿಂದ ಅಲ್ಲೇ ಇದ್ದೀರಿ ಅನ್ನೋಕೆ ಸಾಕ್ಷಿ ಏನಮ್ಮಾ?"

ಅವಳ ಮುಖ ಅರಳಿತು. ಇದಕ್ಕಿಂತ ಸುಲಭದ ಪ್ರಶ್ನೆ ಉಂಟೇ?

"ಚಳಿ ಮುಗೀತಿದ್ದಂಗೆ ವರ್ಸಾ ವರ್ಸಾ ತರಗು ಬೆಂಕಿ ಇಕ್ತಿದ್ದೊ ಸ್ವಾಮಿ. ಒಣಗಿದ ಎಲೆ ಅಷ್ಟೇ ಸುಟ್ಟೋಯ್ತದೆ, ಮರಕ್ಕೆ ತಾಕಕಿಲ್ಲ. ಆಮೇಕೆ ಎಳೆ ಹುಲ್ಲು ಬತ್ತದೆ, ಜಿಂಕೆ ಬತ್ತವೆ. ನಮ್ಮಪ್ಪನೂ ಇಕ್ತಿದ್ದ, ಅವರಪ್ಪನೂ ಇಕ್ತಿದ್ದ. ನೀವು ಬ್ಯಾಡ ಅಂದ್ಮೇಲೇ ಈ ಮುಳ್ಳು ತುಂಬ್ಕಂಡಿದ್ದು."

ಸಾಹೇಬರು ತಲೆಯೆತ್ತಲಿಲ್ಲ. ಗುಮಾಸ್ತನಿಗೆ ಹೇಳಿದರು: "ಬರ್ಕೊ. ಕಾಡಿಗೆ ಬೆಂಕಿ ಹಾಕಿದ್ದನ್ನ ಅರ್ಜಿದಾರಳೇ ಒಪ್ಪಿಕೊಂಡಿದ್ದಾಳೆ."

ಥೂ! ಕಾಡನ್ನು ಸಾಕಿದ್ದೆವು ಎಂದಳು ಅವಳು. ಸುಟ್ಟೆವು ಎಂದು ಬರೆದುಕೊಂಡರು ಇವರು. ಓದು ಬಾರದ ಕೇತಮ್ಮ ಕೈಮುಗಿದು ಹೆಬ್ಬೆಟ್ಟು ಒತ್ತಿದಳು. ಅರ್ಜಿ ವಜಾ ಆಯಿತು.

ಮರುವರ್ಷ ಮುಂಗಾರು ಕೈಕೊಟ್ಟಿತು. ಹಿಂಗಾರು ಬಂದದ್ದೂ ಮೂರೇ ದಿನ. ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಆ ಬೇಸಿಗೆಯ ಬಿಸಿಲನ್ನು ಮುದುಕರೂ ಕಂಡಿರಲಿಲ್ಲವಂತೆ. ಆಳೆತ್ತರ ಒಣಗಿ ನಿಂತಿದ್ದ ನನ್ನ ಬಳಗಕ್ಕೆ ಎಲ್ಲಿಂದಲೋ ಕಿಡಿ ತಾಗಿತು. ಬೆಂಕಿ ಮರದ ತುದಿಗೇರಿತು, ಜೇನು ಸತ್ತಿತು, ಪೋಡಿನ ಗುಡಿಸಲುಗಳು ಬೂದಿಯಾದವು. ಕಚೇರಿಯವರು ಹಳೆಯ ಕಡತ ತೆಗೆದರು: "ಬೆಂಕಿ ಹಾಕೋದು ಇವರ ಚಾಳಿ, ಇವಳೇ ಒಪ್ಪಿದ್ದಾಳಲ್ಲ!" ಸೋಲಿಗರನ್ನು ಕಾಡಿನ ಹೊರಗೆ, ಡಾಂಬರು ರಸ್ತೆಯ ಪಕ್ಕ, ತಗಡಿನ ಶೆಡ್ಡುಗಳಿಗೆ ತಳ್ಳಿದರು. ಅದಾದ ತಿಂಗಳಿಗೇ ಅದೇ ಕಚೇರಿಯಲ್ಲಿ ಹವಾಮಾನ ಬದಲಾವಣೆಯ ಕುರಿತು ಸಭೆ. ಭಾಷಣಕಾರರೊಬ್ಬರು ನನ್ನ ಮೇಲೆ ಕುಳಿತು ಗೋಡಂಬಿ ತಿನ್ನುತ್ತ "ಆದಿವಾಸಿಗಳೇ ಕಾಡಿನ ನಿಜವಾದ ಕಾವಲುಗಾರರು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುರ್ಚಿಗೆ ವಾಂತಿ ಬರುವಂತಿದ್ದರೆ ಅಂದೇ ಬರಬೇಕಿತ್ತು.

ಆಮೇಲೆ ನನ್ನ ಒಂದು ಕೈ ಮುರಿಯಿತು. ಕಾಡಿನ ಚೆಕ್‌ಪೋಸ್ಟಿಗೆ ಎಸೆದರು. ಈಗ ಗಾರ್ಡಿನ ಕುರ್ಚಿ ನಾನು.

ಮೊನ್ನೆ ಮಧ್ಯಾಹ್ನ ಜಡೆಯ ಬಂದ. ಕಂಕುಳಲ್ಲಿ ಒಂದು ಕಲ್ಲಿತ್ತು. ಕೇತಮ್ಮ ತಗಡಿನ ಕಾವಿನಲ್ಲಿ ಬೆಂದು ತೀರಿಕೊಂಡಿದ್ದಳು. ಹೆಣವನ್ನು ಒಳಗೆ ಬಿಡದೆ ರಸ್ತೆಯಂಚಿನಲ್ಲೇ ಹೂಳಿಸಿದ್ದರು.

"ಕಲ್ಲನ್ನಾರ ಇಟ್ಟು ಬತ್ತೀನಿ ಸ್ವಾಮಿ, ಭಾವನ ಪಕ್ದಲ್ಲಿ."

"ಪರ್ಮಿಷನ್ ಲೆಟರ್ ಎಲ್ಲಯ್ಯಾ? ಕಲ್ಲೂ ಇಲ್ಲ ಗಿಲ್ಲೂ ಇಲ್ಲ, ನಡಿ."

"ಕಲ್ಲಲ್ಲ ಸ್ವಾಮಿ, ನಮ್ಮಕ್ಕ."

ಗಾರ್ಡು ನಕ್ಕು ನೀರು ಕುಡಿಯಲು ಒಳಗೆ ಹೋದ. ಜಡೆಯ ಅತ್ತಿತ್ತ ನೋಡಿ, ಅಕ್ಕನನ್ನು ಮೆಲ್ಲಗೆ ನನ್ನ ಮೇಲೆ ಕೂರಿಸಿದ. "ಕುಂತಿರಕ್ಕಾ, ಕಾಗ್ದ ಮಾಡುಸ್ಕೊ ಬತ್ತೀನಿ" ಎಂದು ಹೇಳಿ ಪೇಟೆಯ ಕಡೆ ಓಡಿದ.

ಗಾರ್ಡು ಬಾಯಿ ಒರೆಸುತ್ತ ಬಂದ. ಕಲ್ಲನ್ನು ಬೂಟುಗಾಲಿನಿಂದ ಚರಂಡಿಗೆ ತಳ್ಳಿ, ನನ್ನ ಮೇಲೆ ಕುಳಿತು ಮೊಬೈಲು ತೆಗೆದ.

ಮುರಿದುಬಿದ್ದು ಇವನ ಸೊಂಟ ಮುರಿಯಬೇಕೆಂದು ನನ್ನ ಶಕ್ತಿಯೆಲ್ಲ ಹಾಕಿ ನೋಡಿದೆ. ಕೇತಮ್ಮ ಹೊಡೆದ ಮೊಳೆ ಒಂದೂ ಸಡಿಲಾಗಲಿಲ್ಲ.