ಹೊಗೆ ನಿಂತ ಮೇಲೆ

ತರಬೇತಿ ಶಿಬಿರದಲ್ಲಿ ಕೊಟ್ಟ ಹಳದಿ ಅಂಗಿಯನ್ನು ಮಗಳು ಅಪ್ಪನ ಹೊಲಿಗೆ ಯಂತ್ರದ ಮೇಲಿಟ್ಟಳು. ಗಂಡಸರ ಅಳತೆಯದು, ಅದರೊಳಗೆ ಇನ್ನೂ ಒಬ್ಬರು ತೂರಬಹುದಿತ್ತು.

"ಸ್ವಲ್ಪ ಚಿಕ್ಕದು ಮಾಡಿಕೊಡಪ್ಪ."

ದರ್ಜಿ ತಲೆ ಎತ್ತಲಿಲ್ಲ. "ಊರವರ ಬಟ್ಟೆಯೆಲ್ಲಾ ಹೊಲಿತೀನಿ. ಇದೊಂದನ್ನ ಮುಟ್ಟಲ್ಲ."

"ಕಾಡಿನ ಬೆಂಕಿ ಆರಿಸೋದು ಕೆಟ್ಟ ಕೆಲಸಾನಾ?"

"ನಿಮ್ಮಣ್ಣ ಹೋಗಿದ್ದು ಸಾಲದಾ? ಇರೋಳು ನೀನೊಬ್ಬಳು."

ಹಿತ್ತಲು ಮುಗಿದಲ್ಲಿ ಗುಡ್ಡದ ಕಾಡು ಶುರುವಾಗುತ್ತಿತ್ತು. ಕಳೆದ ಬೇಸಿಗೆಯಲ್ಲಿ ಅಣ್ಣ ಅದೇ ಕಾಡಿನಲ್ಲಿ, ಇದೇ ಕೆಲಸದಲ್ಲಿ ತೀರಿಕೊಂಡಿದ್ದ. ಅಂದಿನಿಂದ ಅಪ್ಪನ ಮಾತು ಕಡಿಮೆಯಾಗಿತ್ತು. ಮಗಳು ಅಂಗಿಗೆ ಪಿನ್ನು ಚುಚ್ಚಿಕೊಂಡೇ ತರಬೇತಿಗೆ ಹೋದಳು. ಹಠದಲ್ಲಿ ಅವಳೂ ಅಪ್ಪನ ಮಗಳೇ.

ಆರನೇ ವಾರ ಬೂದಿಯ ಪಾಠ. ಬೆಂಕಿ ಆರಿದ ಜಾಗದಲ್ಲಿ ಮಂಡಿಯೂರಿ, ಕೈಗವಸು ಕಳಚಿ, ಕೈಯ ಹಿಂಭಾಗದಿಂದ ನೆಲ ಸವರುತ್ತ ಅಂಗುಲ ಅಂಗುಲ ಸರಿಯಬೇಕು. ಬಿಸಿ ತಗುಲಿದಲ್ಲಿ ಅಗೆಯಬೇಕು. ಒಂದು ಒಣ ಮರದ ಬುಡ ತಣ್ಣಗಿರುವಂತೆ ಕಂಡಿತು. ಅವಳು ಅದನ್ನು ಮುಟ್ಟದೆ ಮುಂದೆ ಹೋದಳು.

"ಬೂದಿ ಮುಚ್ಚಿದ ಕೆಂಡ ಅಂತ ಬಾಯಲ್ಲಿ ಎಲ್ಲರೂ ಹೇಳ್ತೀರಿ, ಕೈಯಿಟ್ಟು ನೋಡೋರು ಒಬ್ಬರೂ ಇಲ್ಲ," ಎಂದು ಗದರಿ ತರಬೇತುದಾರರು ಆ ಬುಡವನ್ನು ಅಗೆದರು. ಒಳಗೆ ಬೇರು ಕೆಂಪಗಿತ್ತು. "ಹೋದ ವರ್ಷದ ದೊಡ್ಡ ಬೆಂಕಿ ಹೀಗೇ ಶುರುವಾಗಿದ್ದು. ಯಾರೋ ಗುಡ್ಡದ ಕೆಳಗೆ ಮರದ ಬುಡದ ಮೇಲೆ ಬಟ್ಟೆ ಚೂರು ರಾಶಿ ಹಾಕಿ ಸುಟ್ಟಿದ್ದಾರೆ, ನೀರು ಸುರಿದು ಹೋಗಿದ್ದಾರೆ. ಬೇರು ಮೂರು ದಿನ ಒಳಗೊಳಗೇ ಉರಿದಿದೆ. ಗಾಳಿ ಬಂತು, ಹತ್ತಿಕೊಂಡಿತು."

ಬಟ್ಟೆ ಚೂರು. ಅವಳ ಕೈ ಬೂದಿಯಲ್ಲೇ ನಿಂತಿತು.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು: "ಅಪ್ಪ, ಹೋದ ವರ್ಷ ಹಿತ್ತಲಲ್ಲಿ ಬಟ್ಟೆ ಚೂರು ಸುಟ್ಟೆಯಲ್ಲ, ಯಾವತ್ತು?"

ಯಂತ್ರ ನಿಂತಿತು. "ನಿಮ್ಮಣ್ಣ ಹೋಗೋಕೆ ಮೂರು ದಿನ ಮುಂಚೆ. ನೀರು ಹಾಕಿದ್ದೆ ಕಣಮ್ಮ. ಹೊಗೆ ನಿಂತಿತ್ತು."

ಅವಳಿಗೆ ಕಿರುಚಬೇಕೆನಿಸಿತು. ಅಪ್ಪನ ಮೇಲೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ, ಅಷ್ಟು ಕನಿಕರವೂ ಬಂದಿರಲಿಲ್ಲ. ಇಡೀ ವರ್ಷ ಈ ಮನುಷ್ಯ ಇದನ್ನು ಒಬ್ಬನೇ ಹೊತ್ತುಕೊಂಡಿದ್ದ.

"ನಮ್ಮ ಬೀದೀಲಿ ಈಗಲೂ ಎಲ್ಲರೂ ಕಸ ಹಾಗೇ ಸುಡ್ತಾರೆ," ಎಂದಷ್ಟೇ ಹೇಳಿ ಒಳಗೆ ಹೋದಳು.

ಎರಡು ದಿನ ಬಿಟ್ಟು ದರ್ಜಿ ಶಿಬಿರಕ್ಕೆ ಬಂದರು. ತರಬೇತುದಾರರ ಅನುಮತಿ ಕೇಳಿ, ಸಾಲಾಗಿ ಕುಳಿತವರ ಮುಂದೆ ನಿಂತರು. ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ಹೋದ ವರ್ಷ ಗುಡ್ಡದ ಕೆಳಗೆ ಬಟ್ಟೆ ಸುಟ್ಟೋನು ನಾನು. ಒಂದು ಬಕೆಟ್ ನೀರು ಸುರಿದು, ಆಯ್ತು ಅಂತ ಒಳಗೆ ಹೋಗಿ ಊಟ ಮಾಡಿದೆ. ಆ ಬೆಂಕಿ ಆರಿಸೋಕೆ ಹೋದೋನು ನನ್ನ ಮಗ. ಅಪ್ಪ ಹಚ್ಚಿದ್ದು ಅಂತ ಅವನಿಗೆ ಗೊತ್ತಿರಲಿಲ್ಲ. ನಿಮ್ಮ ನಿಮ್ಮ ಬೀದೀಲಿ ಇದನ್ನ ಹೇಳಿ. ನನ್ನ ಹೆಸರು ಹಿಡಿದೇ ಹೇಳಿ."

ದರ್ಜಿ ಹೊರಡಲು ತಿರುಗಿದರು. ಹಿಂದಿನ ಸಾಲಿನಲ್ಲಿ ಮಗಳು ಎದ್ದು ನಿಂತಳು.

"ಗೊತ್ತಿದ್ರೂ ಹೋಗ್ತಿದ್ದ, ಅಪ್ಪ."