ಸಿಲಿಂಡರ್ ಕೀ

"ಸತ್ತೋನು ಸತ್ತ. ನಮ್ಮ ಸಿಲಿಂಡರ್ ಕೀನೂ ಜೊತೇಲಿ ತಗೊಂಡ್ಹೋದ್ನಾ?"

ತಿಥಿ ಮುಗಿದ ಮರುದಿನ ಬೆಳಿಗ್ಗೆ, ಲತಾಮಣಿ ನಲ್ಲಿಯ ಸಾಲಿನಲ್ಲಿ ಬಿಂದಿಗೆಯಿಟ್ಟು ನಿಂತಿದ್ದಾಗ, ನರ್ಸಿಂಗ್ ಹೋಮಿನ ಮ್ಯಾನೇಜರ್ ಶಿವರಾಜ್ ಫೋನಿನಲ್ಲಿ ಸಂತಾಪ ಸೂಚಿಸಿದ್ದು ಹೀಗೆ.

ಅವಳ ಗಂಡ ಚಲುವರಾಜು ಜೆ.ಪಿ. ನಗರದ ಆ ನರ್ಸಿಂಗ್ ಹೋಮಿನಲ್ಲಿ ಆಕ್ಸಿಜನ್ ಸಿಲಿಂಡರ್ ಹೊರುತ್ತಿದ್ದ. ಪಕ್ಕದ ಮನೆಯಲ್ಲಿ ಉಬ್ಬಸದಿಂದ ಮಲಗಿದ್ದ ಪಿಳ್ಳಣ್ಣನ ಆಕ್ಸಿಜನ್ ಸಿಲಿಂಡರ್ ತೆರೆಯಲು, ನಾಳೆ ಕೊಡುತ್ತೇನೆಂದು ಅದರ ವಾಲ್ವ್ ತಿರುಗಿಸುವ ಕೀ ಕೇಳಿ ತಂದಿದ್ದ. ಅಷ್ಟರಲ್ಲಿ ನ್ಯುಮೋನಿಯಾ ಬಂದು ಅಲ್ಲಿನ ಜನರಲ್ ವಾರ್ಡಿನಲ್ಲೇ ಮಲಗಿದ. ಲತಾಮಣಿಯನ್ನು ಒಳಗೆ ಬಿಟ್ಟಿರಲಿಲ್ಲ.

ಕೀ ತೆಗೆದುಕೊಂಡು ಬನಶಂಕರಿಯಲ್ಲಿ ಬಸ್ಸು ಹತ್ತಿ ಹೋದಳು. ಶಿವರಾಜ್ ಕೀ ನೋಡಿದ, ಅದನ್ನು ಹಿಡಿದ ಕೈ ನೋಡಿದ, ಚಾಚಿದ್ದ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡ.

"ಟೇಬಲ್ ಮೇಲೆ ಇಡಬೇಡ. ಸೂತಕ ಬೇರೆ. ನಿಮ್ಮೋರದ್ದು ಯಾವಾಗ ಕಳಿಯತ್ತೋ ಏನೋ. ವಾರ್ಡಲ್ಲಿ ಕೊಟ್ಟು ಹೋಗು."

ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದವಳಿಗೆ ಈ ಲೆಕ್ಕ ಹೊಸದಲ್ಲ. ಆಗಲಿ ಸಾರ್ ಎಂದು ಒಳಗೆ ಹೋದಳು.

ಅವಳು ಬಾಗಿಲಿನಿಂದಷ್ಟೇ ನೋಡಿದ್ದ, ಗಂಡ ಮಲಗಿದ್ದ ಬೆಡ್ಡಿನಲ್ಲಿ ಈಗ ಪಾರ್ವತಮ್ಮ ಎಂಬ ಮುದುಕಿ ಏದುಸಿರು ಬಿಡುತ್ತಿದ್ದಳು. ಡಾಕ್ಟರು ನಿಮಿಷಕ್ಕೆ ಆರು ಲೀಟರ್ ಆಕ್ಸಿಜನ್ ಎಂದು ಬರೆದಿದ್ದರು. ಹರಿವು ತೋರಿಸುವ ಫ್ಲೋಮೀಟರಿನ ಗುಂಡು ಎರಡರಲ್ಲಿ ನಿಂತಿತ್ತು.

ಸಿಸ್ಟರ್ ಲಿಖಿತಾ ತಾಳ್ಮೆಯಿಂದಲೇ ವಿವರಿಸಿದಳು. ಗ್ಯಾಸಿನ ಗಾಡಿ ಬರುವುದು ಸಂಜೆಗೆ. ಸಿಲಿಂಡರಿನಲ್ಲಿ ಉಳಿದದ್ದನ್ನು ಅಲ್ಲಿಯವರೆಗಿನ ಹೊತ್ತಿಗೆ ಭಾಗಿಸಿದರೆ ಎರಡು ಬರುತ್ತದೆ. ಸ್ಪೆಷಲ್ ರೂಮಿಗೆ ಡಾಕ್ಟರ ಲೆಕ್ಕ, ಜನರಲ್ ವಾರ್ಡಿಗೆ ಮ್ಯಾನೇಜರ ಲೆಕ್ಕ.

ಭಾಗಾಕಾರದಲ್ಲಿ ತಪ್ಪಿರಲಿಲ್ಲ.

"ನಮ್ಮನೆಯವರಿಗೂ ಎರಡೇನಾ?"

ಲಿಖಿತಾ ಹೊದಿಕೆ ಸರಿಪಡಿಸಿದಳು. "ಅವರು ಸ್ಟಾಫ್ ಅಲ್ವಾ ಅಕ್ಕ. ಎರಡೂವರೆ ಇಟ್ಟಿದ್ವಿ."

"ಉಸಿರಿಗೂ ರೇಷನ್ನು," ಪಾರ್ವತಮ್ಮ ತೇಕುತ್ತ ಅಂದಳು. "ಆ ಮ್ಯಾನೇಜರನ ವಂಶ ಹಾಳಾಗ."

ಸ್ಪೆಷಲ್ ರೂಮಿನ ಬೆಡ್ಡು ಖಾಲಿಯಿತ್ತು. ಮುಂದೆ ಯಾರಾದರೂ ಬಂದರೆ ಇರಲೆಂದು ಬಾಗಿಲಲ್ಲಿ ತುಂಬಿದ ಸಿಲಿಂಡರ್ ಒಂದು ಮೀಟರ್ ಸಮೇತ ಟ್ರಾಲಿಯ ಮೇಲೆ ಕಾದಿತ್ತು. ಲತಾಮಣಿ ಅದನ್ನು ತಳ್ಳಿಕೊಂಡು ಬಂದಳು. ನನ್ನ ಕೆಲಸ ಹೋಗತ್ತೆ ಅಕ್ಕ ಎಂದ ಲಿಖಿತಾ, ಆಮೇಲೆ ಕಿಟಕಿಯ ಕಡೆ ತಿರುಗಿ ನಿಂತಳು. ಪಿಳ್ಳಣ್ಣನ ಮನೆಯಲ್ಲಿ ಗಂಡ ಮಾಡಿದ್ದಂತೆಯೇ ಲತಾಮಣಿ ಕೀ ಹಾಕಿ ತಿರುಗಿಸಿದಳು, ಟ್ಯೂಬು ಬದಲಿಸಿದಳು. ಗುಂಡು ಮೇಲೇರಿ ಆರರಲ್ಲಿ ನಿಂತಿತು.

ಕೀಯನ್ನು ಮುದುಕಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಭದ್ರವಾಗಿ ಇಟ್ಕೊಳಮ್ಮ. ಇದಿಲ್ದೆ ಮುಚ್ಚಕ್ಕಾಗಲ್ಲ."

ಹೊರಗೆ ಶಿವರಾಜ್, ಅವಳು ಮುಟ್ಟಿರದ ಟೇಬಲ್ಲಿಗೆ ಸ್ಯಾನಿಟೈಸರ್ ಹಾಕಿ ಒರೆಸುತ್ತಿದ್ದ.

"ಕೊಟ್ಯಾ?"

"ಕೊಟ್ಟೆ ಸಾರ್. ನೀವು ಹೇಳಿದ್ಹಾಗೇ, ವಾರ್ಡಲ್ಲಿ."